ಗಳ ಬದಲಿಸುವ ಹೊತ್ತು

ಹಿನ್ನೀರಿನ ದಡದ ನಮ್ಮ ತರಬೇತಿ ಕೇಂದ್ರಕ್ಕೆ ಹೊಸದಾಗಿ ಸೇರುವವರಿಗೆ ಕೊಡಲು ನಾಲ್ಕು ಪುಟ ಬರೆದುಕೊಡಿ ಎಂದು ಈಗಿನ ಉಸ್ತುವಾರಿ ಹುಡುಗಿ ಕೇಳಿದಳು. ವಿಷಯವನ್ನೂ ಅವಳೇ ಕೊಟ್ಟಳು: ಬಲೂನು ಹಾಯಿ ಬಿಟ್ಟ ದೋಣಿಯನ್ನು ಗಾಳಿಯ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ನಯವಾಗಿ ಹೊರಳಿಸುವುದು ಹೇಗೆ. ಇಂಗ್ಲಿಷಿನಲ್ಲಿ ಆ ಹಾಯಿಗೆ ಸ್ಪಿನ್ನೇಕರ್ ಎಂದೂ ಹೊರಳಿಸುವುದಕ್ಕೆ ಜೈಬ್ ಎಂದೂ ಹೆಸರು. "ನಿಮ್ಮಷ್ಟು ಚೆನ್ನಾಗಿ ಯಾರೂ ಮಾಡ್ತಿರ್ಲಿಲ್ವಂತೆ ಸರ್" ಎಂದಳು. ಇಲಾಖೆಯಲ್ಲಿ ನಿವೃತ್ತರಾದ ಮೇಲೆ ಎಲ್ಲರೂ ಒಳ್ಳೆಯವರೇ. ಬರೆಯುತ್ತೇನೆ, ಆದರೆ ಅವಳು ಕೇಳಿದಷ್ಟನ್ನೇ ಬರೆದರೆ ಅದು ಸುಳ್ಳಾಗುತ್ತದೆ.

ನಾನು ಯಲ್ಲಾಪುರದವನು. ಅಪ್ಪ ಲಾರಿ ಡ್ರೈವರ್. ಶಾಲೆ ಮುಗಿಸಿ ಅವರ ಲಾರಿಯಲ್ಲೇ ಕ್ಲೀನರ್ ಆದೆ. ತಾಡಪಾಲು ಬಿಗಿಯುವುದು, ಹಗ್ಗ ಎಳೆಯುವುದು, ಅರಬೈಲ್ ಘಾಟಿಯ ತಿರುವಿನಲ್ಲಿ ಲಾರಿ ಹಿಂದೆ ಸರಿಯಬೇಕಾದರೆ ಇಳಿದು ನಿಂತು ಅದರ ಬಾಡಿಯನ್ನು ಅಂಗೈಯಿಂದ ಬಡಿಯುವುದು ನನ್ನ ಕೆಲಸ. ಒಂದು ಏಟು ಬಿದ್ದರೆ ನಿಲ್ಲು, ಎರಡು ಬಿದ್ದರೆ ಹೋಗು. ಎಂಜಿನ್ ಸದ್ದಿನಲ್ಲಿ ಬಾಯಿ ಮಾತು ಯಾರಿಗೆ ಕೇಳಬೇಕು? ಕಾಳಿ ನದಿಯ ಹಿನ್ನೀರಿನಲ್ಲಿ ಸರ್ಕಾರದವರು ಹಾಯಿದೋಣಿ ಕಲಿಸುವ ಕೇಂದ್ರ ತೆರೆದಾಗ ಹಗ್ಗ ಕಟ್ಟಲು ಬರುವವರು ಬೇಕು ಎಂದರು. ಹೋದೆ, ಒಂದು ಗಂಟು ಹಾಕಿ ತೋರಿಸಿದೆ, ಕೆಲಸ ಸಿಕ್ಕಿತು. ಅಲ್ಲಿಯವರೆಗೆ ನಾನು ಹಾಯಿದೋಣಿಯನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡಿದ್ದೆ.

ಈಗ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮದು ಮೂರು ಜನರ ದೋಣಿ. ಹಿಂದೆ ಚುಕ್ಕಾಣಿಯವನು. ನಡುವೆ, ಬಲೂನಿನ ಎರಡು ಮೂಲೆಯ ಎರಡು ಹಗ್ಗ ಹಿಡಿದವನು. ಮುಂದೆ, ಹಾಯಿ ಏರಿಸುವ ಕಂಬ, ಅಂದರೆ ಕೂವೆಮರದ ಎದುರು ನಿಂತು ಗಳ ಬದಲಿಸುವವನು. ಗಾಳಿ ಬೆನ್ನಿಗಿರುತ್ತದೆ, ಬಲೂನು ಮುಂದೆ ಹೊಟ್ಟೆ ಉಬ್ಬಿಸಿ ನಿಂತಿರುತ್ತದೆ. ಅದರ ಒಂದು ಮೂಲೆಯನ್ನು ಗಾಳಿಯ ಕಡೆಗೆ ಚಾಚಿ ಹಿಡಿಯುವುದಕ್ಕೆ ಆ ಗಳ. ಗಳದ ಒಂದು ತುದಿ ಹಾಯಿಯ ಮೂಲೆಗೆ, ಇನ್ನೊಂದು ತುದಿ ಕೂವೆಮರದ ಬಳೆಗೆ. ದೋಣಿಯ ಹಿಂಭಾಗ ಗಾಳಿಯನ್ನು ದಾಟುವಾಗ ಗಳವೂ ಈ ಕಡೆಯಿಂದ ಆ ಕಡೆಗೆ ಹೋಗಬೇಕು. ಮುಂದಿನವನು ಗಳವನ್ನು ಮರದಿಂದ ಬಿಡಿಸುತ್ತಾನೆ, ಆ ತುದಿಯನ್ನು ಹಾಯಿಯ ಇನ್ನೊಂದು ಮೂಲೆಗೆ ಸಿಕ್ಕಿಸುತ್ತಾನೆ, ಹಳೆಯ ಮೂಲೆಯನ್ನು ಬಿಟ್ಟು ಆ ತುದಿಯನ್ನು ಮರಕ್ಕೆ ತರುತ್ತಾನೆ. ಅಷ್ಟು ಹೊತ್ತು ಗಳಕ್ಕೆ ಮರದ ಆಸರೆ ಇಲ್ಲ, ಅವನ ಎರಡು ಕೈ ಮಾತ್ರ. ಆಗ ಬಲೂನು ಜಗ್ಗಿತೋ, ಗಳ ಕೋಣದ ಹಾಗೆ ಹಿಂದಕ್ಕೆ ನುಗ್ಗುತ್ತದೆ. ಅವನ ಬೆನ್ನು ನಮ್ಮ ಕಡೆಗಿರುತ್ತದೆ. ಹಿಂದೆ ಆಗುವುದು ಅವನಿಗೆ ಕಾಣುವುದಿಲ್ಲ, ಕೇಳಿಯೇ ತಿಳಿಯಬೇಕು.

ಪುಸ್ತಕದಲ್ಲಿ ಇದು ಆರು ಸಾಲು. ನನ್ನ ಮೊದಲ ಸಲ ಬಲೂನು ಕೂವೆಮರವನ್ನು ಬಿಗಿದ ಮುಂದಿನ ತಂತಿಗೆ ಲುಂಗಿಯ ಹಾಗೆ ಸುತ್ತಿಕೊಂಡಿತು. ಬಿಡಿಸಲು ಹೋಗಿ ಎಳೆದೆ. ತಾಡಪಾಲು ಎಳೆದು ರೂಢಿಯಾದ ಕೈ, ಹಾಯಿ ಮೇಲಿಂದ ಕೆಳಗೆ ಪರ್ರನೆ ಹರಿಯಿತು. ಆಗ ನಮ್ಮ ಮುಖ್ಯಸ್ಥರು ಕದಂ ಸಾಹೇಬರು, ನೌಕಾಪಡೆಯಿಂದ ಬಂದ ಮರಾಠಿ ಮನುಷ್ಯ. ನನ್ನನ್ನು ಹಿಗ್ಗಾಮುಗ್ಗಾ ಬೈದರು. ಬೈದು ಮುಗಿಸಿ ಪಕ್ಕದಲ್ಲಿ ಕೂತು, "ಹಾಯಿ ಹರಿದರೆ ಮುಂದಿನವನಿಗೆ ಬೈಯುತ್ತಾರೆ, ಇಲ್ಲಾ ನಡುವಿನವನಿಗೆ. ತಪ್ಪು ಮಾತ್ರ ಬಹಳ ಸಲ ಚುಕ್ಕಾಣಿದೇ ಇರ್ತದೆ. ಇವತ್ತು ನಾನೇ ಜೋರಾಗಿ ತಿರುಗಿಸಿದೆ" ಅಂದರು. ನನ್ನ ನೌಕರಿಯಲ್ಲಿ ತಪ್ಪು ನನ್ನದು ಎಂದ ಮೇಲಧಿಕಾರಿ ಅವರೊಬ್ಬರೇ.

ಹಾಯಿ ರಿಪೇರಿಗೆ ಇಲಾಖೆ ಟೆಂಡರು ಕರೆಯಬೇಕು, ಅದು ಮುಗಿಯುವುದರೊಳಗೆ ಮಳೆಗಾಲ ಬರುತ್ತದೆ. ನಾನು ಅದನ್ನು ಮಡಚಿ ಬಸ್ಸಿನಲ್ಲಿ ಶಿರಸಿಗೆ ಒಯ್ದೆ. ಅಲ್ಲಿ ಛತ್ರಿ ಹೊಲಿಯುವ ನಮ್ಮ ಸಂಬಂಧಿಯೊಬ್ಬರಿದ್ದರು. ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ಇದು ಗಾಳಿ ತಡಿಲಿಕ್ಕಾ, ಹಿಡಿಲಿಕ್ಕಾ?" ಎಂದು ಕೇಳಿದರು. ಹಿಡಿಯುವುದಕ್ಕೆ ಎಂದೆ. ಹಾಗಾದರೆ ಹೊಲಿಗೆ ಒಂದೇ ಸಾಲಲ್ಲಿ ಬರಬಾರದು ಎಂದು ಅಂಕುಡೊಂಕಾಗಿ ಹೊಲಿದುಕೊಟ್ಟರು. ಆ ಹೊಲಿಗೆ ಹಾಯಿಗಿಂತ ಹೆಚ್ಚು ಬಾಳಿತು. ದೋಣಿ ಕಾಣದ ಮನುಷ್ಯ ಒಂದು ಪ್ರಶ್ನೆ ಕೇಳಿ ಅರ್ಥ ಮಾಡಿಕೊಂಡಿದ್ದನ್ನು ನಮ್ಮ ಕಚೇರಿಯವರು ಕೊನೆಯವರೆಗೂ ಮಾಡಿಕೊಳ್ಳಲಿಲ್ಲ. ಒಮ್ಮೆ ದೊಡ್ಡವರೊಬ್ಬರು ಬಂದಾಗ ಎಲೆ ಅಲುಗಾಡದ ಮಧ್ಯಾಹ್ನ ಬಲೂನು ಏರಿಸಿ ತೋರಿಸಿ ಎಂದರು. ಗಾಳಿ ಇಲ್ಲ ಎಂದರೆ, "ಅದನ್ನೆಲ್ಲ ಮೊದಲೇ ವ್ಯವಸ್ಥೆ ಮಾಡ್ಕೋಬೇಕಲ್ಲ" ಎಂದರು. ನಾವು ಇಬ್ಬರು ನೀರಿಗಿಳಿದು ಹಾಯಿಯ ಮೂಲೆಗಳನ್ನು ಬಿದಿರಿನಿಂದ ಎತ್ತಿ ಹಿಡಿದೆವು. ಫೋಟೋ ತೆಗೆದರು. ಕೆಲವು ವರ್ಷ ಆ ಫೋಟೋ ಕಚೇರಿ ಗೋಡೆಯ ಮೇಲಿತ್ತು.

ಮಂಜುನಾಥ ಬಂದದ್ದು ಆಮೇಲೆ. ಇಡಗುಂದಿಯವನು, ನಾವು ಮಂಜ ಎನ್ನುತ್ತಿದ್ದೆವು. ಮೊದಲು ಯಲ್ಲಾಪುರದ ಸಾಮಿಲ್ಲಿನಲ್ಲಿ ಮರ ಕೊಯ್ಯುತ್ತಿದ್ದ. ಕೇಂದ್ರದಲ್ಲಿ ದಿನಗೂಲಿ. ಬರಿಗಾಲಲ್ಲಿ ದೋಣಿಯ ಮೂತಿಯ ಮೇಲೆ ನಿಂತರೆ ಕೆಳಗೆ ಅಲೆ ಇದೆ ಎಂದೇ ಅನಿಸುತ್ತಿರಲಿಲ್ಲ. ಗಳ ಅವನ ಕೈಯಲ್ಲಿ ಹಗುರಾಗುತ್ತಿತ್ತು. ಆದರೆ ಕೆಲವು ಸಲ ಕೂಗಿದ ಎಷ್ಟೋ ಹೊತ್ತಿಗೆ ಬಿಡಿಸುತ್ತಿದ್ದ, ಕೆಲವು ಸಲ ಕೂಗುವ ಮೊದಲೇ. ಒಂದು ದಿನ ದೋಣಿಮನೆಯಲ್ಲಿ ಅವನ ಹಿಂದೆ ನಿಂತು ಮೂರು ಸಲ ಹೆಸರು ಕರೆದೆ. ತಿರುಗಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿಬಿದ್ದ.

"ಸಾಮಿಲ್ಲಿನ ಗರಗಸ ತಿಂದು ಹಾಕ್ತು ಗಫೂರಣ್ಣ" ಅಂದ. "ಮುಖ ನೋಡಿ ಮಾತಾಡಿದ್ರೆ ಎಲ್ಲ ಗೊತ್ತಾಗ್ತದೆ. ಹಿಂದಿಂದ ಎಂತದೂ ಕೇಳೂದಿಲ್ಲ. ಸಾಹೇಬರಿಗೆ ಹೇಳ್ಬೇಡಿ. ಪರ್ಮನೆಂಟ್ ಆಗೂವರಿಗೆ ಹೇಳ್ಬೇಡಿ."

ಯಲ್ಲಾಪುರದಲ್ಲಿ ತೋರಿಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಅವನನ್ನು ಸಿದ್ದಾಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಪರೀಕ್ಷೆ ಮಾಡಿ, ಹೋದದ್ದು ಹೋಯಿತು, ಇರುವುದನ್ನಾದರೂ ಕಾಪಾಡಿಕೊಳ್ಳಿ ಎಂದರು. ಬಸ್ಸಿನಲ್ಲಿ ವಾಪಸ್ ಹೊರಟೆವು. ಹಾದಿಯಲ್ಲಿ ಯಾವುದೋ ಲಾರಿ ಹಿಂದೆ ಸರಿಯುತ್ತಿತ್ತು, ಕ್ಲೀನರ್ ಅದರ ಬಾಡಿಯನ್ನು ಬಡಿಯುತ್ತಿದ್ದ. ನನಗೆ ದಾರಿ ಸಿಕ್ಕಿತು.

ಮರುದಿನ ದೋಣಿಮನೆಯ ಹಲಗೆಯ ಮೇಲೆ ಅವನನ್ನು ಬೆನ್ನು ಮಾಡಿ ನಿಲ್ಲಿಸಿ ನಾನು ಹಿಂದಿನಿಂದ ಹಿಮ್ಮಡಿಯಿಂದ ಕುಟ್ಟಿದೆ. ನನ್ನ ಕೈಯಲ್ಲಿ ಯಾವಾಗಲೂ ಎರಡು ಹಗ್ಗ, ಅಂಗೈ ಬಿಡುವಿಲ್ಲ, ಹಿಮ್ಮಡಿಯೇ ಗತಿ. ಎರಡು ಏಟಿಗೆ ಬಿಡಿಸು, ಒಂದು ಏಟಿಗೆ ಇದ್ದಲ್ಲೇ ನಿಲ್ಲು. ಅವನ ಬರಿಗಾಲಿಗೆ ಅದು ತಿಳಿಯಿತು. "ಬಂತು ಬಂತು" ಎಂದು ನಕ್ಕ. ಬಿದಿರಿನ ಗಳ, ಹಳೆ ತಾಡಪಾಲಿನ ತುಂಡು ಇಟ್ಟುಕೊಂಡು ಒಂದು ಮಳೆಗಾಲ ಪೂರ್ತಿ ಒಣ ನೆಲದ ಮೇಲೆ ಜೈಬ್ ಮಾಡಿದೆವು. ನೋಡಿದವರು ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡರು.

ಮಳೆ ಬಿಟ್ಟ ಮೇಲೆ ನೀರಿಗಿಳಿದೆವು. ಬಾಯಿಮಾತು ಗಾಳಿಗೆ ಹಾರಿಹೋಗುತ್ತದೆ, ಹಲಗೆಯ ಏಟು ಹೋಗುವುದಿಲ್ಲ. ಕದಂ ಸಾಹೇಬರು ಚುಕ್ಕಾಣಿ ಹಿಡಿದು ನಿಧಾನ ತಿರುಗಿಸುತ್ತಿದ್ದರು, ನಾನು ಎರಡು ಹಗ್ಗದಲ್ಲಿ ಬಲೂನನ್ನು ಮಗುವಿನ ಹಾಗೆ ನಡುವೆ ಹಿಡಿದಿರುತ್ತಿದ್ದೆ, ಮಂಜ ಗಳ ದಾಟಿಸುತ್ತಿದ್ದ. ಬಲೂನಿಗೆ ದಿಕ್ಕು ಬದಲಾದದ್ದೇ ತಿಳಿಯುತ್ತಿರಲಿಲ್ಲ. ಕಾರವಾರದ ಸ್ಪರ್ಧೆಯಲ್ಲಿ ಉಳಿದ ದೋಣಿಗಳಲ್ಲಿ ಬೊಬ್ಬೆಯೋ ಬೊಬ್ಬೆ, ನಮ್ಮದರಲ್ಲಿ ಡುಂ ಡುಂ ಎಂಬ ಎರಡು ಸದ್ದು. ಗೆದ್ದೆವು. ಹೊಸಬರೇ, ನಯವಾಗಿ ಹೊರಳಿಸುವ ಗುಟ್ಟು ಇಷ್ಟೇ: ಮುಂದಿನವನ ಕೈ ಮರಕ್ಕೆ ಮುಟ್ಟುವ ತನಕ ಹಿಂದಿನವರು ಅವನ ಆಳು. ಇದನ್ನು ಒಪ್ಪಲು ಚುಕ್ಕಾಣಿ ಹಿಡಿದವರಿಗೆ ಬಹಳ ಕಷ್ಟವಾಗುತ್ತದೆ.

ಕದಂ ಸಾಹೇಬರಿಗೆ ಕಿವಿಯ ವಿಷಯ ಗೊತ್ತಿತ್ತು. ಒಂದು ದಿನ ಚಹಾ ಕುಡಿಯುತ್ತ, "ಗಫೂರ್, ನನಗೆ ಏನೂ ಗೊತ್ತಿಲ್ಲ, ತಿಳೀತಾ?" ಅಂದರು. ಆಗ ಅವರು ದೇವರ ಹಾಗೆ ಕಂಡರು. ಈಗ ಅವರ ಮೇಲೂ ಸಿಟ್ಟಿದೆ. ಅವರು ಒಂದು ಸಾಲು ಬರೆದಿಟ್ಟು ಹೋಗಿದ್ದರೆ ಸಾಕಿತ್ತು, ಈ ದೋಣಿಯಲ್ಲಿ ಸಂಜ್ಞೆ ಕಾಲಿನಿಂದ ಕೊಡತಕ್ಕದ್ದು ಎಂದು. ಬಾಯಿಮಾತಿನ ದಯೆ ಆ ಮನುಷ್ಯನ ಜೊತೆಗೇ ನಿವೃತ್ತವಾಗುತ್ತದೆ.

ಅವರ ಜಾಗಕ್ಕೆ ಬಂದ ಹೊಸ ಸಾಹೇಬರು ದೋಣಿ ಬಲ್ಲವರೇ. ಸುಳ್ಳು ಯಾಕೆ ಹೇಳಲಿ, ಚುಕ್ಕಾಣಿಯ ಕೈ ಚುರುಕಾಗಿತ್ತು. ಮೊದಲ ದಿನವೇ ನನ್ನ ಹಿಮ್ಮಡಿಯ ಸದ್ದು ಕೇಳಿ, "ಇದೇನ್ರೀ, ಲಾರೀನಾ?" ಎಂದರು. ಗಾಳಿಯಲ್ಲಿ ಮಾತು ಕೇಳುವುದಿಲ್ಲ ಸರ್ ಎಂದೆ. "ಕೇಳೋ ಹಾಗೆ ನಾನು ಹೇಳ್ತೀನಿ" ಎಂದರು. ದೋಣಿಮನೆಯ ಗೋಡೆಗೆ ಇಂಗ್ಲಿಷ್ ಆಜ್ಞೆಗಳ ಪಟ್ಟಿ ಲ್ಯಾಮಿನೇಶನ್ ಆಗಿ ಬಂತು. ಮಂಜ ಹಿಂತಿರುಗಿ ಅವರ ಬಾಯಿ ನೋಡಿ ಕೆಲಸ ಮಾಡತೊಡಗಿದ. ಅದಕ್ಕೂ ಬೈಗುಳ, "ಮುಂದೆ ನೋಡಯ್ಯಾ." ಆಮೇಲೆ ಅವನು ದೋಣಿ ವಾಲುವುದರಲ್ಲೇ ಅಂದಾಜು ಹಾಕುತ್ತಿದ್ದ. ನಾನು ಕದ್ದು ಕದ್ದು ಕಾಲಾಡಿಸುತ್ತಿದ್ದೆ. ಒಂದು ದಿನ ಸಿಕ್ಕಿಬಿದ್ದೆ. ಆಜ್ಞೆ ಉಲ್ಲಂಘನೆ ಎಂದು ಮೆಮೊ ಬಂತು. ನನ್ನ ಇಡೀ ನೌಕರಿಯಲ್ಲಿ ಅದೇ ಮೊದಲ ಮೆಮೊ. ಇನ್ನೊಂದು ಬಂದರೆ ಅಮಾನತು ಎಂದು ಬಾಯಲ್ಲೂ ಹೇಳಿದರು.

ಆಗಲೇ ಹೇಳಬೇಕಿತ್ತು, ಸರ್, ಅವನಿಗೆ ಕಿವಿ ಕೇಳುವುದಿಲ್ಲ ಎಂದು. ಮಂಜನಿಗೆ ಮಾತು ಕೊಟ್ಟಿದ್ದೆ. ಪರ್ಮನೆಂಟ್ ಪಟ್ಟಿಯಲ್ಲಿ ಅವನ ಹೆಸರು ಮೇಲಿನ ಕಚೇರಿಗೆ ಹೋಗಿದೆ ಎಂಬ ಸುದ್ದಿಯೂ ಇತ್ತು. ಇನ್ನೇನು ಬಂದೇಬಿಡುತ್ತದೆ, ಅಲ್ಲಿಯವರೆಗೆ ಹೇಗೋ ದೂಡೋಣ ಎಂದುಕೊಂಡೆವು.

ಮೇಲಿನವರು ತಪಾಸಣೆಗೆ ಬಂದ ದಿನ ಎರಡು ದೋಣಿಗಳ ಓಟ ಇಟ್ಟಿದ್ದರು. ಮಧ್ಯಾಹ್ನದ ಮೇಲೆ ಘಟ್ಟ ಹತ್ತಿ ಬರುವ ಪಡುವಣ ಗಾಳಿ ಗುಡ್ಡದ ಸಂದಿನಲ್ಲಿ ನುಗ್ಗಿ ಬರುತ್ತಿತ್ತು. ಹೊಸ ಸಾಹೇಬರೇ ಚುಕ್ಕಾಣಿಯಲ್ಲಿದ್ದರು. ಬಲೂನು ಬಿಟ್ಟು ಬರುತ್ತಿದ್ದವರು ಹೊರಳಬೇಕಾದ ಜಾಗಕ್ಕೆ ಬಂದೆವು. ಅವರು ತಿರುಗಿಸತೊಡಗಿ ಬಿಡಿಸು ಎಂದು ಕೂಗಿದರು. ಮಂಜ ದೋಣಿ ವಾಲಿದ್ದರಿಂದ ತಿಳಿದುಕೊಂಡು ಗಳ ಹಿಡಿದ. ಅಷ್ಟರಲ್ಲಿ ಆಚೆಯ ದೋಣಿ ನಮ್ಮ ಹಾದಿಗೆ ಬಂತು. ಸಾಹೇಬರು ನಿಲ್ಲು ನಿಲ್ಲು ಎಂದು ಕೂಗಿ ಚುಕ್ಕಾಣಿಯನ್ನು ಹಿಂದಕ್ಕೆ ತಳ್ಳಿದರು.

ಮಂಜನ ಕೈ ಆಗಿನ್ನೂ ಮರದ ಬಳೆಯ ಹತ್ತಿರವೇ ಇತ್ತು. ಗಳ ಬಿಟ್ಟುಕೊಂಡಿರಲಿಲ್ಲ. ನಾನು ಹಿಮ್ಮಡಿ ಎತ್ತಿದೆ. ಎತ್ತಿದ್ದು ನಿಜ. ಒಂದು ಏಟು ಸಾಕಿತ್ತು. ಮೆಮೊ ಕಣ್ಣೆದುರು ಬಂತು, ದಡದಲ್ಲಿ ಕುರ್ಚಿ ಹಾಕಿ ಕೂತವರು ಕಂಡರು, ಪಕ್ಕದಲ್ಲಿ ಸಾಹೇಬರು. ಕಾಲನ್ನು ಮೆಲ್ಲಗೆ ಕೆಳಗಿಟ್ಟೆ.

ಗಳ ಬಿಟ್ಟುಕೊಂಡಿತು. ಬಲೂನು ತುಂಬಿ ಜಗ್ಗಿತು. ಗಳದ ತುದಿ ಹಿಂದಕ್ಕೆ ನುಗ್ಗಿ ಕೂವೆಮರಕ್ಕೆ ಬಡಿಯಿತು, ನಡುವೆ ಮಂಜನ ಬಲಗೈ ಇತ್ತು. ಅವನು ಕೈ ನೋಡಿಕೊಂಡು ಅಲ್ಲೇ ಕೂತ. ಎರಡು ಬೆರಳು ಹೋದವು, ಉಳಿದವು ಮಡಚಲಿಲ್ಲ.

ಆಸ್ಪತ್ರೆಯಲ್ಲಿ ಅವನು ಮೊದಲು ಹೇಳಿದ ಮಾತು, "ಕಿವಿ ವಿಷಯ ತೆಗಿಬೇಡಿ ಗಫೂರಣ್ಣ. ಕೈ ಗುಣ ಆಗ್ತದೆ, ಕಿವಿ ಆಗೂದಿಲ್ಲ."

ಎರಡು ದಿನದ ಮೇಲೆ ವಿಚಾರಣೆ. ಒಳಗೆ ಹೋಗುವ ಮೊದಲು ಸಾಹೇಬರು ನನ್ನನ್ನು ಜಗುಲಿಗೆ ಕರೆದರು. "ಅವನಿಗೆ ಕಿವಿ ಸರಿ ಇರ್ಲಿಲ್ಲ ಅಂತ ಯಾರೋ ಅಂದ್ರು. ಇರಲಾರದು ಬಿಡಿ. ಇದ್ದಿದ್ರೆ ನಿಮಗೆ ಗೊತ್ತಿರ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟಿದ್ರೆ ನಿಮ್ಮ ಕೆಲಸಕ್ಕೂ ತೊಂದರೆ ಅಲ್ವಾ?" ಎಂದರು. ಧ್ವನಿ ಏರಿಸಲಿಲ್ಲ. ಬಹಳ ಸಭ್ಯ ಮನುಷ್ಯ.

ಒಳಗೆ ಮೂವರು ಕೂತಿದ್ದರು. ಬರೆದುಕೊಳ್ಳುವ ಗುಮಾಸ್ತರು ಹಾವೇರಿ ಕಡೆಯವರು. ಮೂವರಲ್ಲಿ ಒಬ್ಬರು ಆಜ್ಞೆ ಸ್ಪಷ್ಟವಾಗಿತ್ತೇ ಎಂದು ಕೇಳಿದರು. ನನಗೆ ಕೇಳಿಸಿತು ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಅದು ಅರ್ಧ ಸತ್ಯವಾದರೂ ಆಗುತ್ತಿತ್ತು. ಗುಮಾಸ್ತರು ತಲೆ ಎತ್ತಿ, "ಆಜ್ಞೆ ಸ್ಪಷ್ಟ ಇತ್ತು, ಮಂಜುನಾಥ ಪಾಲಿಸಲಿಲ್ಲ ಅಂತ ಬರೀಲೇನ್ರಿ?" ಎಂದು ಕೇಳಿದರು. ನಾನು ತಲೆಯಾಡಿಸಿದೆ. "ಬರ್ರಿ, ಇಲ್ಲಿ ಸಹಿ ಹಾಕ್ರಿ" ಎಂದರು. ಹಾಕಿದೆ. ಇಂಥ ಸಂಜ್ಞೆ ಇತ್ತು, ಅದನ್ನು ನಿಲ್ಲಿಸಿದರು, ನಾನೂ ಕಾಲೆತ್ತಿ ಇಳಿಸಿದೆ ಎಂದು ಹೇಳಲಿಲ್ಲ. ಮಂಜನ ಮಾತು ಉಳಿಸಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಉಳಿಸಿದ್ದು ನನ್ನ ನೌಕರಿಯನ್ನು. ಅವನ ಮಾತು ನನಗೆ ಒಳ್ಳೆ ನೆಪವಾಗಿ ಒದಗಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಲಾಖೆಗಳಿಗಾಗಿಯೇ ಹುಟ್ಟಿರಬೇಕು. ಸ್ವಂತ ಅಜಾಗರೂಕತೆ ಎಂದು ಬರೆದು ಮಂಜನನ್ನು ತೆಗೆದರು. ದಿನಗೂಲಿಯವನಿಗೆ ನೋಟೀಸು ಕೊಡುವ ತಾಪತ್ರಯವೂ ಇಲ್ಲ. ಪರ್ಮನೆಂಟ್ ಪಟ್ಟಿ ಆ ವರ್ಷವೇ ಬಂತು, ಅವನ ಹೆಸರಿನ ಮೇಲೆ ಗೀಟು ಎಳೆದಿತ್ತು. ಹೊಸ ಸಾಹೇಬರು ವರ್ಗವಾಗಿ ಹೋದರು. ನಾನು ಕಲಿಸುತ್ತ ಉಳಿದೆ. ಅಷ್ಟೂ ವರ್ಷ ಇಡಗುಂದಿಗೆ ನಾಲ್ಕಾರು ಸಲ ಹೋದೆ, ಹಣ್ಣು ಒಯ್ದೆ, ಆರೋಗ್ಯ ಕೇಳಿದೆ, ಬಂದೆ. ಅವನಾಗಿ ಏನೂ ಕೇಳಲಿಲ್ಲ. ನಾನಾಗಿ ಏನೂ ಹೇಳಲಿಲ್ಲ.

ಈಗ ದೋಣಿಗಳು ಬದಲಾಗಿವೆ. ಬಲೂನಿನ ಮೂಲೆಯನ್ನು ಮೂತಿಯ ಕಬ್ಬಿಣಕ್ಕೇ ಕಟ್ಟುತ್ತಾರೆ, ಗಳ ಬದಲಿಸುವ ಗೋಜಿಲ್ಲ, ಮುಂದೆ ಯಾರೂ ನಿಲ್ಲಬೇಕಾಗಿಲ್ಲ. ಒಳ್ಳೆಯದೇ. ನನ್ನ ವಿದ್ಯೆ ನಿಮಗೆ ಉಪಯೋಗಕ್ಕೆ ಬರಲಿಕ್ಕಿಲ್ಲ. ಹೇಳಿಕೆಗೆ ಸಹಿ ಹಾಕುವ ಪ್ರಸಂಗ ಮಾತ್ರ ನಿಮಗೂ ಬರುತ್ತದೆ, ಅದಕ್ಕೆ ಹೊಸ ವಿಧಾನ ಬಂದಿಲ್ಲ.

ನಿವೃತ್ತನಾದ ಮೇಲೆ, ಇನ್ನು ಯಾರೂ ನನ್ನನ್ನು ಏನೂ ಮಾಡಲಾರರು ಎಂದು ಖಾತ್ರಿಯಾದ ಮೇಲೆ, ನನಗೆ ಧೈರ್ಯ ಬಂತು. ನಡೆದದ್ದನ್ನೆಲ್ಲ ಬರೆದು, ಮಂಜುನಾಥನ ಮೇಲಿನ ಆರೋಪವನ್ನು ತೆಗೆದುಹಾಕಬೇಕೆಂದು ಮೇಲಿನ ಕಚೇರಿಗೆ ಕಳಿಸಿದೆ. ಮೂರು ಸಲ ನೆನಪೋಲೆ ಬರೆದ ಮೇಲೆ ಉತ್ತರ ಬಂತು: ಕಾಲಿನಿಂದ ಸಂಜ್ಞೆ ಕೊಡುವ ಪದ್ಧತಿ ಇತ್ತು, ಘಟನೆಯ ದಿನ ನಾನು ಆ ಸಂಜ್ಞೆ ಕೊಡಲಿಲ್ಲ ಎಂಬ ತಮ್ಮ ಈಗಿನ ಹೇಳಿಕೆಯನ್ನು ಪರಿಗಣಿಸಲು ಬರುವುದಿಲ್ಲ. ಸದರಿ ಪ್ರಕರಣವನ್ನು ತಮ್ಮದೇ ಸಹಿಯಿರುವ ಹೇಳಿಕೆಯ ಆಧಾರದ ಮೇಲೆ ಮುಕ್ತಾಯಗೊಳಿಸಲಾಗಿದೆ.

ಆ ಕಾಗದ ಹಿಡಿದು ಮಂಜನನ್ನು ನೋಡಲು ಹೋದೆ. ಅವನೀಗ ಚಂದಗುಳಿಯಲ್ಲಿ ದೇವಸ್ಥಾನಕ್ಕೆ ಬರುವವರು ಹರಕೆಗೆ ಕಟ್ಟುವ ಗಂಟೆಗಳನ್ನು ಮಾರುವ ಅಂಗಡಿಯಲ್ಲಿ ಕೂರುತ್ತಾನೆ. ಕಿವಿ ಪೂರ್ತಿ ಹೋಗಿದೆ. ಕಿವುಡನ ಗಂಟೆ ಅಂಗಡಿ ಎಂದು ಜನ ತಮಾಷೆ ಮಾಡುತ್ತಾರೆ. ನನಗೆ ನಗು ಬರುವುದಿಲ್ಲ.

ಸ್ಟೂಲು ಕೊಟ್ಟು ಕೂರಿಸಿದ. ಕಾಗದ ಕೊಟ್ಟೆ. ಎಡಗೈಯಲ್ಲಿ ಹಿಡಿದು ನಿಧಾನವಾಗಿ ಓದಿದ, ಮತ್ತೆ ಮೇಲಿನಿಂದ ಓದಿದ. ನಾನು ಕ್ಷಮೆ ಕೇಳಲು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವನು ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ.

"ಆವತ್ತು ನೀವು ಹೊಡಿಲೇ ಇಲ್ವಾ?"

"ಇಲ್ಲ ಮಂಜ" ಎಂದೆ. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಇನ್ನೊಮ್ಮೆ ಹೇಳಬೇಕಾಯಿತು. "ಹೊಡಿಲಿಲ್ಲ. ಹೆದರಿದೆ."

ಅವನು ಸಿಟ್ಟು ಮಾಡಲಿಲ್ಲ. ಕಾಗದ ಮಡಚಿ ನನ್ನ ಕೈಗಿಟ್ಟ. "ಕಿವಿ ವಿಷಯ ಹೇಳ್ಬೇಡಿ ಅಂದವ ನಾನೇ. ಅದಕ್ಕೆ ನಿಮ್ಮ ಮೇಲೆ ಎಂತದೂ ಇಲ್ಲ" ಅಂದ. "ಆದ್ರೆ ನೀವು ಹೊಡ್ದೇ ಹೊಡ್ದಿರ್ತೀರಿ ಅಂತ ನಂಗೆ ಖಾತ್ರಿ ಇತ್ತು. ನಂಗೇ ಗೊತ್ತಾಗ್ಲಿಲ್ಲ, ಕಿವಿ ಹೋದಂಗೆ ಕಾಲೂ ಹೋಯ್ತು ಅಂದ್ಕೊಂಡೆ. ಕೈ ವಾಸಿ ಆದ ಮೇಲೆ ಕದಂ ಸಾಹೇಬ್ರು ಗೋವಾಕ್ಕೆ ಕರೆಸಿದ್ರು, ಅವರ ಪೈಕಿಯವರ ದೋಣಿಗೆ. ಇದ್ದ ಬೆರಳಲ್ಲೇ ಸಾಕು ಬಾ ಅಂದ್ರು. ನನ್ನ ಕಾಲು ನಂಬಿ ಇನ್ನೊಬ್ರಿಗೆ ಅಪಾಯ ಮಾಡೂದು ಬ್ಯಾಡ ಅಂತ ನಾನು ಹೋಗಲಿಲ್ಲ."

ಯಾರೋ ಗಿರಾಕಿ ಬಂದು ಗಂಟೆ ತೋರಿಸಲು ಹೇಳಿದರು. ಅವನು ಎದ್ದು ಒಳಗೆ ಹೋದ.